ಊರಲ್ಲಿಲ್ಲದ ಕುರಿಗಳು

ದಿವ್ಯ ಬುಕ್ಕಾಪಟ್ಟಣ ಕಡೆಯ ಕುರಿಗಾಹಿ ಮನೆಯ ಮಗಳು. ಶಿರಾದಲ್ಲಿ ಕುರಿ ಸಾಕಣೆದಾರರ ಸಂಘವೊಂದರ ಕಂಪ್ಯೂಟರ್ ಕೆಲಸ ಅವಳದು. ಅಲ್ಲಿ ಪ್ರಿಂಟರ್ ಕೆಟ್ಟರೂ ಬೈಗುಳ ಅವಳಿಗೇ. ಹೆದರುವುದರಲ್ಲಿ ಅವಳದು ಎತ್ತಿದ ಕೈ. ಕಳಿಸಿಯಾದ ಮೇಲ್ ಅನ್ನೂ ನಾಲ್ಕು ಸಲ ತೆರೆದು ನೋಡುತ್ತಾಳೆ.

ಅಂಥವಳು ಮೊನ್ನೆ ನೂರಕ್ಕೆ ನೂರು ಎಂದು ವರದಿ ಕೊಟ್ಟಿದ್ದಳು. ಬುಕ್ಕಾಪಟ್ಟಣ ಸುತ್ತಿನ ಹತ್ತು ಹಳ್ಳಿಗಳಲ್ಲಿ ಎಲ್ಲ ಕುರಿಗಳಿಗೂ ನೀಲಿ ನಾಲಿಗೆ ರೋಗದ ಲಸಿಕೆ ಆಗಿದೆ ಎಂದು. ಕಾರ್ಯದರ್ಶಿ ಸಂಜೀವಯ್ಯನವರು ಹಿಗ್ಗಿ ಊರಿಗೆಲ್ಲ ಸಾರಿದರು. ಉಳಿದ ಲಸಿಕೆಯ ಐಸ್ ಪೆಟ್ಟಿಗೆಗಳು ಇವತ್ತು ಮೂರು ಗಂಟೆಗೆ ಕೊರಟಗೆರೆಗೆ ಹೊರಡಬೇಕಿತ್ತು.

ಎರಡು ಗಂಟೆಗೆ ದೊಡ್ಡಪ್ಪ ದಾಸಣ್ಣನ ಫೋನು ಬಂತು.

“ಮಂದೆ ಹೊಡ್ಕಂಡು ಊರಿಗೆ ಬಂದ್ಬುಟ್ಟೆ ಕಣಮ್ಮ. ರಾಯಚರ್ಲು ಕಡೆ ಮೇಯಿಸ್ತಿದ್ವಲ್ಲ, ಅಲ್ಲಿ ಪಕ್ಕದ ಮಂದೇಲಿ ನಾಲಿಗೆ ಊದ್ಕಂಡು ಮೂರು ಕುರಿ ಹೋದ್ವು. ನಮ್ಮವುಕ್ಕೆ ಸೂಜಿ ಯಾವತ್ತು ಹಾಕ್ತಾರೆ?”

“ಎಲ್ಲಾ ಹಾಕಾಯ್ತಲ್ಲ ದೊಡ್ಡಪ್ಪ?”

“ಹೆಂಗಾಯ್ತದೆ? ನಾವು ಊರಲ್ಲೇ ಇರ್ಲಿಲ್ವಲ್ಲ.”

ದಿವ್ಯ ಫೋನಿಟ್ಟು ವರದಿ ತೆರೆದಳು. ಸೂತ್ರ ಸರಿಯಾಗಿಯೇ ಇತ್ತು: ಲಸಿಕೆಯಾದ ಕುರಿಗಳನ್ನು ಒಟ್ಟು ಕುರಿಗಳಿಂದ ಭಾಗಿಸುವುದು. ಆದರೆ ಪುಟದ ಮೇಲೆ ಅವಳೇ ಒಂದು ಫಿಲ್ಟರ್ ಹಾಕಿದ್ದಳು, ‘ಲಸಿಕೆ ಶಿಬಿರದ ದಿನ ಊರಲ್ಲಿದ್ದವು’ ಎಂದು. ಅದು ಲಸಿಕೆಯಾದವುಗಳ ಸಂಖ್ಯೆಯನ್ನು ಮಾತ್ರ ಸೋಸುತ್ತದೆ ಎಂದುಕೊಂಡಿದ್ದಳು. ಅದು ಒಟ್ಟು ಕುರಿಗಳ ಸಂಖ್ಯೆಯನ್ನೂ ಸೋಸಿತ್ತು. ಮೇಯಲು ಹೋಗಿದ್ದ ಮಂದೆಗಳು ಲೆಕ್ಕದಿಂದಲೇ ಮಾಯವಾಗಿ, ಉಳಿದದ್ದೇ ನೂರಾಗಿತ್ತು.

ಒಟ್ಟು ಎಣಿಸುವಾಗ ಫಿಲ್ಟರ್ ನೋಡಬೇಡ ಎಂದು ಸೂತ್ರಕ್ಕೊಂದು ಮಾತು ಸೇರಿಸಿದಳು. ನೂರು ಹೋಗಿ ಅರವತ್ತೈದು ಬಂತು. ಮೂರು ಸಾವಿರಕ್ಕೂ ಹೆಚ್ಚು ಕುರಿಗಳಿಗೆ ಸೂಜಿ ತಾಗಿರಲಿಲ್ಲ.

ಗಡಿಯಾರದಲ್ಲಿ ಎರಡೂ ಮುಕ್ಕಾಲು. ಹೊರಗೆ ಜೀಪಿಗೆ ಪೆಟ್ಟಿಗೆ ಏರಿಸುತ್ತಿದ್ದರು. ತಿಂಗಳ ಕೊನೆಗೆ ಅವಳ ಗುತ್ತಿಗೆ ಕೆಲಸದ ನವೀಕರಣ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕುರಿ ಸತ್ತರೆ ರೋಗದ ತಲೆಗೆ ಕಟ್ಟಬಹುದಿತ್ತು. ಹಾಗೆ ಯೋಚಿಸಿದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಸಂಜೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ನಿಂತ ದೊಡ್ಡಪ್ಪ ಬಂದ ಕುರಿಗಳನ್ನು ಎಣಿಸುವವನೇ ಅಲ್ಲ. ‘ಯಾವುದು ಬಂದಿಲ್ಲ?’ ಎಂದೇ ಅವನು ಕೇಳುವುದು. ಆ ರೊಪ್ಪದ ಪಕ್ಕದಲ್ಲೇ ಬೆಳೆದವಳು ಅದನ್ನು ಮರೆತಿದ್ದಳು.

ಹೊಸ ಹಾಳೆಯೊಂದನ್ನು ಪ್ರಿಂಟ್ ತೆಗೆದಳು. ಅದನ್ನು ಹಿಡಿದು ಹೋಗಿ ಸಂಜೀವಯ್ಯನವರ ಮುಂದೆ ನಿಂತಳು.

“ಸಾರ್, ನೂರಲ್ಲ, ಅರವತ್ತೈದು. ತಪ್ಪು ನಂದೇ. ಪೆಟ್ಟಿಗೆ ಕಳಿಸ್ಬೇಡಿ.”

“ಏನಮ್ಮ ಇಂಗಂತೀಯ? ಎಲ್ಲಾರ್ಗೂ ನೂರು ಅಂತ ಹೇಳ್ಬುಟ್ಟಿದ್ದೀನಲ್ಲ!”

ಅವರ ಮುಖ ಕೆಂಪಾಯಿತು. ದಿವ್ಯ ಹೊಸ ಹಾಳೆಯನ್ನು ಮೇಜಿನ ಮೇಲಿಟ್ಟಳು. ಶಿಬಿರದ ದಿನ ಊರಲ್ಲಿಲ್ಲದ ಮಂದೆಗಳ ಪಟ್ಟಿ ಅದು, ಮೊದಲ ಹೆಸರೇ ದಾಸಣ್ಣ. ಅವರು ಅದನ್ನು ಕೊನೆಯವರೆಗೂ ಓದಿದರು. ಹೊರಗೆ ಜೀಪು ಸ್ಟಾರ್ಟ್ ಆಯಿತು.

“ಲೇ, ನಿಲ್ಸೋ! ಬುಕ್ಕಾಪಟ್ಟಣದ ಕಡೆ ತಿರುಗ್ಸು,” ಎಂದು ಕಿಟಕಿಯಿಂದ ಕೂಗಿದರು. ಆಮೇಲೆ ಇವಳ ಕಡೆ ತಿರುಗಿ, “ನಿನ್ನ ವಿಚಾರ ಸೋಮವಾರ ಮಾತಾಡಣ,” ಎಂದರು.

ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು. ಅವಳು ದೊಡ್ಡಪ್ಪನಿಗೆ ಫೋನು ಮಾಡಿದಳು. ಮಂದೆ ಹೊರಗೆ ಬಿಡಬೇಡ, ಲಸಿಕೆ ಬರುತ್ತಿದೆ ಎಂದು ಹೇಳಿದಳು.

“ಅಂಗಾದ್ರೆ ನಾವೂ ಲೆಕ್ಕಕ್ಕೆ ಬಂದ್ವಾ ಮಗ?”

ದಿವ್ಯ ಪರದೆಯ ಮೇಲಿನ ಪಟ್ಟಿಯಲ್ಲಿ ಅವನ ಹೆಸರನ್ನು ಇನ್ನೊಮ್ಮೆ ನೋಡಿದಳು.

“ಬಂದ್ರಿ ದೊಡ್ಡಪ್ಪ,” ಎಂದಳು.