ಎಲ್ಡನ್ ಹಾಕಿದ ಮೋರಿ

ಎಲ್ಡನ್ ಕ್ವಿಗ್ಲಿ ಮರದ ಲಾರಿಗಳಿಗಾಗಿ ಕಾಡಿನಲ್ಲಿ ರಸ್ತೆ ಮಾಡುತ್ತಲೇ ಮುದುಕನಾದವನು. ಅಲ್ಸೀ ನದಿಯನ್ನು ಸೇರುವ ತೊರೆಗಳಲ್ಲಿ ಅವನು ಗಾಳ ಹಾಕದ ಮಡುವಿರಲಿಲ್ಲ. ಬೇಸಿಗೆಯಲ್ಲಿ ಗೇಣುದ್ದದ ಟ್ರೌಟ್ ಮೀನು, ಚಳಿಗಾಲದ ಮಳೆಗೆ ಏರಿದ ನೀರು ಇಳಿಯುವಾಗ ಸ್ಟೀಲ್‌ಹೆಡ್. ಅದೂ ಟ್ರೌಟೇ, ಕಡಲಿಗೆ ಹೋಗಿ ತೋಳುದ್ದ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ತೊರೆಗೇ ಮರಳುವಂಥದ್ದು.

ಅವನ ಪ್ರೀತಿಯದು ಮನೆ ಹಿಂದಿನ ಟಿಲ್ಲಿ ತೊರೆ. ಮದುವೆಗೆ ಮುಂಚೆ ಮಾವಿಸ್‌ಳನ್ನು ಕರೆದೊಯ್ದದ್ದೂ ಅಲ್ಲಿಗೇ. ಅವಳು ಮೊದಲ ಸಲವೇ ಅವನಿಗಿಂತ ದೊಡ್ಡ ಮೀನು ಎತ್ತಿದ್ದಳು. ಆದರೆ ವರ್ಷ ಕಳೆದಂತೆ ಆ ತೊರೆಯಲ್ಲಿ ಸ್ಟೀಲ್‌ಹೆಡ್ ಕಡಿಮೆಯಾಗಿ, ಕೊನೆಗೆ ಕಾಣುವುದೇ ಅಪರೂಪವಾಯಿತು. ನದೀಮುಖಕ್ಕೆ ಬರುವ ಕಡಲಪ್ರಾಣಿ ಸೀಲುಗಳು ತಿಂದುಹಾಕುತ್ತಿವೆ ಎಂದು ಅವನು ಸಿಕ್ಕವರೆದುರೆಲ್ಲ ಬೈಯುತ್ತಿದ್ದ.

ನಿವೃತ್ತನಾದ ವರ್ಷದ ಜನವರಿಯಲ್ಲಿ ಒಂದು ಬೆಳಿಗ್ಗೆ ಟಿಲ್ಲಿ ತೊರೆ ದಾಟುವ ರಸ್ತೆಯಲ್ಲಿ ಹೋಗುತ್ತಿದ್ದಾಗ ಕೆಳಗಡೆ ನೀರು ಪಟಪಟ ಬಡಿದ ಸದ್ದಾಯಿತು. ಇಳಿದು ನೋಡಿದ. ಹೆಣ್ಣು ಸ್ಟೀಲ್‌ಹೆಡ್ ಒಂದು, ತೊರೆಯನ್ನು ರಸ್ತೆಯಡಿ ಹಾಯಿಸುವ ಕೊಳವೆ ಮೋರಿಯ ಬಾಯಿಗೆ ಹಾರುತ್ತಿತ್ತು, ಕಬ್ಬಿಣದ ಅಂಚಿಗೆ ಬಡಿದು ಕಲ್ಲಿನ ಮೇಲೆ ಬೀಳುತ್ತಿತ್ತು. ಮೂತಿಯ ಚರ್ಮ ಸುಲಿದಿತ್ತು. ಮತ್ತೆ ಹಾರಿತು. ಮೋರಿ ಅವನ ಎದೆಯಷ್ಟು ಎತ್ತರದಲ್ಲಿತ್ತು. ಹಾಕಿದಾಗ ಅದು ನೀರಿನ ಮಟ್ಟಕ್ಕೇ ಇತ್ತು; ಬಿದ್ದ ನೀರು ಕೆಳಗಿನ ನೆಲವನ್ನು ವರ್ಷವರ್ಷ ಕೊರೆದಿತ್ತು. ಅದು ಅವನಿಗೆ ಹೇಗೆ ಗೊತ್ತೆಂದರೆ, ಹಾಕಿದವನು ಅವನೇ.

"ಯಾಕೆ ಮುಖ ಹಂಗಿದೆ?" ಎಂದಳು ಮಾವಿಸ್, ಅವನು ಮನೆಗೆ ಬಂದಾಗ.

"ಮೀನು ತಡೆದಿದ್ದು ನಾನೇ ಕಣೇ. ಇಷ್ಟು ವರ್ಷ ಸೀಲುಗಳನ್ನ ಬೈದೆ."

"ಪಾಪ, ಅವುಗಳ ಹತ್ರ ಕ್ಷಮೆ ಕೇಳ್ಕೊಂಡ್ ಬಾ." ಆಮೇಲೆ ಅವನ ಕೈ ಹಿಡಿದಳು. "ಈಗೇನ್ ಮಾಡ್ತೀಯ?"

ಮಾರನೇ ದಿನ ಮೀನನ್ನು ಬಲೆಯಲ್ಲಿ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ, ರಸ್ತೆ ಹತ್ತಿ ಆಚೆ, ಮೋರಿಯ ಮೇಲ್ಗಡೆಯ ನೀರಿಗೆ ಬಿಟ್ಟ. ಹೀಗೆ ನಾಲ್ಕು ದಾಟಿಸಿದ್ದ. ಐದನೆಯದನ್ನು ಎತ್ತುವಾಗ ಸರ್ಕಾರದ ಮೀನುಗಾವಲು ಅಧಿಕಾರಿ ಡೋರೀನ್ ಪ್ರುಯಿಟ್ ಬಂದು ನಿಂತಳು.

"ಕ್ವಿಗ್ಲಿಯವ್ರೇ, ಬಲೇಲಿ ಹಿಡೀಬಾರ್ದು ಅಂತ ನಿಮಗ್ ಗೊತ್ತಿಲ್ವಾ?"

"ಹಿಡೀತಿಲ್ಲಮ್ಮಾ, ದಾಟಿಸ್ತಿದೀನಿ."

"ಕಾನೂನಿಗೆ ಎರಡೂ ಒಂದೇ." ಅವಳು ಮೋರಿಯತ್ತ ನೋಡಿದಳು. "ಇದನ್ನ ಹಾಕಿದ ಮಹಾನುಭಾವ ಯಾರೋ!"

"ನಿಮ್ಮ ಮುಂದೇನೇ ನಿಂತಿದಾನೆ."

ಅವಳು ನಗಲಿಲ್ಲ. "ಇದೊಂದನ್ನ ಬಿಟ್ಟು ಬನ್ನಿ. ಇನ್ಮೇಲೆ ಮುಟ್ಟಬೇಡಿ. ಮೋರಿ ತೆಗೆಸೋಕೆ ಸರ್ಕಾರಕ್ಕೆ ಅರ್ಜಿ ಬರೀರಿ. ಹಾಕಿದವನೇ ತಪ್ಪಾಯ್ತು ಅಂತ ಬರೆದ್ರೆ ಯಾರಾದ್ರೂ ಓದ್ತಾರೆ."

ಬರೆದ. ಮಾವಿಸ್ ಕಾಗುಣಿತ ತಿದ್ದಿದಳು. ಉತ್ತರ ಬರಲಿಲ್ಲ, ಮತ್ತೆ ಬರೆದ. ಊರಿನ ಸಭೆಯಲ್ಲಿ ಜೊತೆ ಕೆಲಸದವರೆದುರು ಎದ್ದು ನಿಂತು, "ಇದು ನನ್ನ ಕೈಕೆಲಸ, ಕೆಟ್ಟದಾಗಿದೆ," ಎಂದ. ಕೆಲವರು ನೆಲ ನೋಡಿದರು. ಅವರೂ ಮೋರಿ ಹಾಕಿದವರೇ. ನಾಲ್ಕು ವರ್ಷಕ್ಕೆ, ಒಂದು ಬೇಸಿಗೆಯಲ್ಲಿ ಮೋರಿ ಕಿತ್ತು ಮರದ ಸೇತುವೆ ಕಟ್ಟಿದರು.

ಅದಾದ ಎರಡನೇ ಚಳಿಗಾಲದಲ್ಲಿ ಸೇತುವೆಯಿಂದ ಮೇಲೆ, ಜಲ್ಲಿಯಲ್ಲಿ ಹೆಣ್ಣು ಮೀನೊಂದು ಬಾಲ ಬಡಿದು ಮೊಟ್ಟೆಗೆ ಗೂಡು ತೋಡುತ್ತಿತ್ತು. ಎಲ್ಡನ್ ದಡದಲ್ಲಿ ಕೂತು ನೋಡಿದ. ಸಂತೋಷವೇನೋ ಆಯಿತು, ಬಾರದೇ ಹೋದ ಮೀನುಗಳ ಲೆಕ್ಕ ಮಾತ್ರ ಅವನ ತಲೆಯಿಂದ ಹೋಗಲಿಲ್ಲ.

ಎಂಬತ್ತು ವಯಸ್ಸಿನವರೆಗೂ ಅವನು ಬೇರೆ ತೊರೆಗಳಲ್ಲಿ ಗಾಳ ಹಾಕಿದ. ಟಿಲ್ಲಿ ತೊರೆಗೆ ಮಾವಿಸ್ ಜೊತೆ ಹೋಗುವಾಗ ಒಯ್ಯುತ್ತಿದ್ದದ್ದು ಮಡಿಸುವ ಕುರ್ಚಿ ಎರಡನ್ನು ಮಾತ್ರ.