ಚಂದ್ರಿಗೆ ನೆನೆಸಿದ ಮೇವು

ಬೆಳಿಗ್ಗೆ ಐದೂ ನಲವತ್ತಕ್ಕೆ ಎರ್ರಿಯಪ್ಪ ಲಾಯದ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಚಂದ್ರಿಯ ಬಾಯಿಂದ ಬಿದ್ದ ಹುಲ್ಲಿನ ಉಂಡೆಯೊಂದನ್ನು ಬೆರಳಿನಿಂದ ಬಿಡಿಸುತ್ತಿದ್ದ. ನಿಂಬೆಹಣ್ಣಿನ ಗಾತ್ರದ ಉಂಡೆ. ಒಳಗಿನ ಎಳೆಗಳು ಜಜ್ಜಿದ್ದವು, ಆದರೆ ಅರೆದಿರಲಿಲ್ಲ. ಗೋದಲಿಯ ಕೆಳಗೆ ಅಂಥವು ಇನ್ನೂ ಹಲವು ಬಿದ್ದಿದ್ದವು.

ಹೊಸಪೇಟೆ ರೈಲು ನಿಲ್ದಾಣದ ಮುಂದೆ ಜಟಕಾ ನಿಲ್ಲಿಸುವವರು ಈಗ ಬೆರಳೆಣಿಕೆಯಷ್ಟು. ಮಲಪನಗುಡಿಯ ಎರ್ರಿಯಪ್ಪ ಅವರಲ್ಲೊಬ್ಬ. ಅವನ ಹೆಣ್ಣುಕುದುರೆ ಚಂದ್ರಿಗೆ ಇಪ್ಪತ್ತು ದಾಟಿದೆ. ಮಗಳು ನರ್ಸಿಂಗ್ ಓದಿದ್ದು, ಮನೆಗೆ ತಾರಸಿ ಬಿದ್ದದ್ದು ಎಲ್ಲವೂ ಅದರ ಕಾಲಿನ ದುಡಿಮೆಯೆಂದು ಅವನು ಯಾರೆದುರಿಗಾದರೂ ಸಂಕೋಚವಿಲ್ಲದೆ ಹೇಳುತ್ತಾನೆ.

ಗಾಡಿ ಹೂಡುವಾಗ ಕುದುರೆಯ ಹೊಟ್ಟೆಗೆ ಬಿಗಿಯುವ ಚರ್ಮದ ಪಟ್ಟಿಯಲ್ಲಿ ಆರು ತೂತುಗಳಿದ್ದವು. ಚಂದ್ರಿಗೆ ವರ್ಷಗಟ್ಟಲೆ ನಾಲ್ಕನೆಯದೇ ಸರಿಹೋಗುತ್ತಿತ್ತು. ದೀಪಾವಳಿಯ ಹೊತ್ತಿಗೆ ಅದು ಆರಕ್ಕೆ ಇಳಿಯಿತು. ಸಂಕ್ರಾಂತಿಗೆ ಮುಂಚೆ ಅದೂ ಸಡಿಲವಾಗಿ, ಚಪ್ಪಲಿ ಹೊಲಿಯುವವನ ಹತ್ತಿರ ಏಳನೆಯ ತೂತು ಹೊಡೆಸಬೇಕಾಯಿತು. ಪಟ್ಟಿ ಹಿಡಿದುಕೊಂಡು ಮನೆಗೆ ಬರುವಾಗ ಅವನಿಗೆ ಹೆದರಿಕೆ ಹತ್ತಿತು. ಕುದುರೆ ಕೈಬಿಟ್ಟು ಹೋಗುತ್ತಿದೆ ಅನ್ನಿಸಿತು.

ಪಶುವೈದ್ಯೆ ಸುಕನ್ಯಾ ಚಂದ್ರಿಯ ಬಾಯಿ ತೆಗೆಸಿ ನೋಡಿದರು. ದವಡೆ ಹಲ್ಲುಗಳು ಸವೆದು ನುಣುಪಾಗಿದ್ದವು. ಚೂಪಾದ ಅಂಚುಗಳನ್ನು ಅರದಿಂದ ಉಜ್ಜಿದರು. ಸವೆದದ್ದು ಮತ್ತೆ ಬರುವುದಿಲ್ಲವೆಂದರು.

"ಇನ್ನ ಮ್ಯಾಲೆ ಅಗಿಯೋ ಕೆಲಸಾನ ಮಷೀನು ಮಾಡಬೇಕು, ಯಜಮಾನ್ರೇ. ಮೇವು ಬಾಯಿಗೆ ಬರೋ ಮೊದಲೇ ಸಣ್ಣ ಆಗಿರಬೇಕು."

ಮೊದಲು ಅವನು ಒಣಹುಲ್ಲನ್ನು ಯಂತ್ರದಲ್ಲಿ ಕತ್ತರಿಸಿ ಹಾಕಿದ. ಉಂಡೆಗಳು ಸಣ್ಣವಾದವು, ಬೀಳುವುದು ನಿಲ್ಲಲಿಲ್ಲ. ಆಮೇಲೆ ಕಂಪ್ಲಿಯಲ್ಲಿ ಎಮ್ಮೆ ಸಾಕಿರುವ ಹೆಂಡತಿಯ ತಮ್ಮ ಪಾಲಪ್ಪ ಒಂದು ಮೂಟೆ ಸೈಲೇಜ್ ಕಳಿಸಿದ. ಹಸಿ ಮೆಕ್ಕೆಜೋಳವನ್ನು ದಂಟುಸಮೇತ ಕೊಚ್ಚಿ, ಗಾಳಿಯಾಡದಂತೆ ಚೀಲದಲ್ಲಿ ಒತ್ತಿ ಹುಳಿ ಬರಿಸಿದ ಮೇವು ಅದು. ಚಂದ್ರಿ ಮೂತಿ ಎತ್ತದೆ ತಿಂದಿತು. ಎರ್ರಿಯಪ್ಪನಿಗೆ ಹಿಗ್ಗು. ಆದರೆ ಸುಕನ್ಯಾ ಬೇಡವೆಂದರು. ಹತ್ತು ಎಮ್ಮೆಗಳಿರುವ ಕಡೆ ಬಿಚ್ಚಿದ ಮೂಟೆ ಬೇಗ ಮುಗಿಯುತ್ತದೆ. ಒಂದೇ ಕುದುರೆಗೆ ಅದು ದಿನಗಟ್ಟಲೆ ಉಳಿದು ಬೂಷ್ಟು ಹಿಡಿಯುತ್ತದೆ. ಬೂಷ್ಟು ಕುದುರೆಯ ಹೊಟ್ಟೆಗೆ ವಿಷ, ತಿಂದದ್ದನ್ನು ಕಕ್ಕಲೂ ಅದಕ್ಕೆ ಬರುವುದಿಲ್ಲ. ಎರ್ರಿಯಪ್ಪ ಮೂಟೆಯನ್ನು ತಾನೇ ಕಂಪ್ಲಿಗೆ ಒಯ್ದು ಇಳಿಸಿದ.

"ನನ್ನ ಎಮ್ಮಿ ತಿಂತಾವ ಮಾವ. ನಿನ್ನ ಕುದ್ರಿ ಏನು ಅರಮನ್ಯಾಗ ಹುಟ್ಟೈತೇನು?" ಎಂದ ಪಾಲಪ್ಪ.

ಉಳಿದದ್ದು ಮೇವಿನ ಗುಳಿಗೆ. ಕುದುರೆ ಮಸಾಲೆ ಎಂಬ ಹಸಿರು ಸೊಪ್ಪನ್ನು ಒಣಗಿಸಿ, ಪುಡಿಮಾಡಿ, ಬೆರಳ ತುದಿಯಷ್ಟಕ್ಕೆ ಒತ್ತಿ ಮಾಡಿದ್ದು. ತರಿಸಿದ ಮೇಲೆ ಫೋನ್ ಮಾಡಿ, ಹಾಕುವ ಬಗೆ ಹೇಳುತ್ತೇನೆ ಎಂದು ಸುಕನ್ಯಾ ಅಂದಿದ್ದರು. ಮೂಟೆ ಬಸ್ಸಿನಲ್ಲಿ ಬಂದು ಇಳಿದದ್ದು ನಿಲ್ದಾಣದ ಎದುರಿಗೇ. ಚಂದ್ರಿ ಹಸಿದು ನಿಂತಿತ್ತು. ಎರ್ರಿಯಪ್ಪ ಫೋನ್ ಮಾಡಲಿಲ್ಲ. ಬಾಡಿಗೆ ಕಾಯುವಾಗ ಕುದುರೆಯ ಮೂತಿಗೆ ಕಟ್ಟುವ ಮೇವಿನ ಚೀಲಕ್ಕೆ ಎರಡು ಬೊಗಸೆ ಗುಳಿಗೆ ಸುರಿದು ಕಟ್ಟಿದ.

ಸ್ವಲ್ಪ ಹೊತ್ತಿಗೆ ಚಂದ್ರಿ ಕತ್ತನ್ನು ಮುಂದಕ್ಕೆ ನೀಡಿ ಕೆಮ್ಮತೊಡಗಿತು. ಮೂಗಿನ ಹೊಳ್ಳೆಗಳಿಂದ ಹಸಿರು ನೊರೆ ಇಳಿಯಿತು. ಒಣ ಗುಳಿಗೆ ಜೊಲ್ಲು ಹೀರಿ ಉಬ್ಬಿ ಗಂಟಲಲ್ಲಿ ಕೂತಿತ್ತು. ಎರ್ರಿಯಪ್ಪ ಚೀಲ ಕಿತ್ತೆಸೆದು, ಗಾಡಿಯ ಮೂಕಿಗಳಿಂದ ಕುದುರೆಯನ್ನು ಬಿಡಿಸಿ, ಕತ್ತು ಹಿಡಿದು ನಿಂತ. ಸುಕನ್ಯಾ ಅಂದು ಸಂಡೂರು ರಸ್ತೆಯ ಹಳ್ಳಿಯೊಂದರಲ್ಲಿ ಲಸಿಕೆ ಹಾಕಲು ಹೋಗಿದ್ದರು. ದಿನವೂ ಜಟಕಾವನ್ನು ಹಾಸ್ಯಮಾಡುತ್ತಿದ್ದ ಆಟೋ ದುರುಗೇಶ್, ಹತ್ತಿದ್ದ ಇಬ್ಬರು ಪ್ರಯಾಣಿಕರನ್ನು ಬೇರೆ ಆಟೋಕ್ಕೆ ದಾಟಿಸಿ, ಯಾರೂ ಹೇಳುವ ಮೊದಲೇ ಹೊರಟು ವೈದ್ಯೆಯನ್ನು ಕರೆತಂದ. ಅವರು ಮೂಗಿನ ಮೂಲಕ ನಳಿಗೆ ಇಳಿಸಿ, ನೀರು ಬಿಟ್ಟು ಬಿಟ್ಟು ಗಂಟಲು ತೊಳೆದರು. ಕಟ್ಟಿದ್ದು ಜಾರಿ, ಚಂದ್ರಿ ದೀರ್ಘವಾಗಿ ಉಸಿರು ಬಿಟ್ಟಾಗ ದುರುಗೇಶ್ ತಾನೂ ಉಸಿರು ಬಿಟ್ಟ. ಬಾಡಿಗೆ ಎಷ್ಟೆಂದು ಕೇಳಿದರೆ ಬೈದ.

ಆ ಸಂಜೆ ಎರ್ರಿಯಪ್ಪ ಗುಳಿಗೆಯ ಮೂಟೆಯನ್ನು ತಿಪ್ಪೆಗೆ ಹೊತ್ತು ನಡೆದಿದ್ದ. ಹೆಂಡತಿ ಹಂಪಕ್ಕ ಅಡ್ಡ ನಿಂತಳು. ಅವಳ ಕೈಯಲ್ಲಿ ಕುದುರೆಗೆಂದು ನೆನೆಯಿಟ್ಟ ಹುರುಳಿಯ ಪಾತ್ರೆ.

"ನಾ ಈ ಮನಿಗೆ ಬಂದಾಗಿಂದ ನೋಡಕತ್ತೀನಿ. ಒಂದು ದಿನಾನರ ಹುರುಳಿ ನೆನೆಸ್ಲಾರ್ದ ಹಾಕೀರೇನು? ಇದಕ್ಕ್ಯಾಕ ನೀರು ತೋರಿಸ್ಲಿಲ್ಲ?"

ಎರ್ರಿಯಪ್ಪ ಮೂಟೆ ಕೆಳಗಿಳಿಸಿದ. "ಚೀಲದ ಮ್ಯಾಲೆ ಕುದ್ರಿ ಚಿತ್ರ ಐತಿ. ಎಲ್ಲಾ ಅವರ ಮಾಡಿ ಕಳ್ಸ್ಯಾರ ಅನ್ಕಂಡೆ."

ಹಂಪಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಕಣ್ಣೊರೆಸಿಕೊಂಡಳು.

ಸುಕನ್ಯಾ ಹೇಳಿದ್ದೂ ಅದನ್ನೇ: ತಪ್ಪು ಗುಳಿಗೆಯದಲ್ಲ. ಒಂದು ಪಾಲು ಗುಳಿಗೆಗೆ ಮೂರು ಪಾಲು ನೀರು. ಬೆರಳಲ್ಲಿ ಹಿಸುಕಿದರೆ ಒಳಗೆ ಗಟ್ಟಿ ಸಿಗಬಾರದು. ದಿನದ್ದನ್ನು ಒಮ್ಮೆಲೇ ಸುರಿಯದೆ ಹಲವು ಸಲ ಕೊಡಬೇಕು. ಅಂದಿನಿಂದ ಹುರುಳಿಯ ಪಾತ್ರೆಯ ಪಕ್ಕದಲ್ಲಿ ಇನ್ನೊಂದು ಬಕೆಟ್ಟು ಬಂತು. ಪ್ರತಿ ಸಲವೂ ಹಂಪಕ್ಕ ನೆನೆದ ಗುಳಿಗೆಯ ಗಂಜಿಯೊಳಗೆ ಕೈಯಾಡಿಸಿ ನೋಡಿದ ಮೇಲೆಯೇ ಅದು ಲಾಯಕ್ಕೆ ಹೋಗುತ್ತಿತ್ತು.

ಪಟ್ಟಿ ನಾಲ್ಕನೆಯ ತೂತಿಗೆ ಬರುವವರೆಗೆ ಗಾಡಿ ಹೂಡುವುದಿಲ್ಲವೆಂದು ಎರ್ರಿಯಪ್ಪ ತಾನೇ ನಿಶ್ಚಯಿಸಿಕೊಂಡ. ಅಷ್ಟು ದಿನ ಕಮಲಾಪುರದಲ್ಲಿ ಬಾಳೆಗೊನೆ ಹೊರಲು ಹೋದ. ಒಂದು ಸಂಜೆ ಒಳ್ಳೆಯ ಗೊನೆಯೊಂದನ್ನು ತಂದು, ದುರುಗೇಶ್ ಚಹಾ ಕುಡಿಯುತ್ತಿದ್ದಾಗ ಅವನ ಆಟೋದ ಹಿಂದಿನ ಸೀಟಿನಲ್ಲಿಟ್ಟು ಬಂದ. ಮರುದಿನ ದುರುಗೇಶ್ ಬಾಳೆಹಣ್ಣಿನ ಮಾತೆತ್ತಲಿಲ್ಲ. "ಕಾಕಾ, ನಿನ್ನ ಇಂಜಿನ್ ಹೆಂಗೈತಿ?" ಎಂದಷ್ಟೇ ಕೇಳಿದ.

ಸೋಮವಾರಕ್ಕೊಮ್ಮೆ ಎರ್ರಿಯಪ್ಪ ಬರೀ ಪಟ್ಟಿ ಬಿಗಿದು ನೋಡುತ್ತಿದ್ದ. ಹಂಪಕ್ಕ ಒಲೆಯ ಮುಂದಿನಿಂದಲೇ ಎಷ್ಟೆಂದು ಕೇಳುವಳು. ಏಳು ಎಂದರೆ ಅವಳು ಒಲೆಗೆ ಇನ್ನೊಂದು ಕಟ್ಟಿಗೆ ತುರುಕುವಳು. ಆರು ಬಂತು. ಯುಗಾದಿಯ ಆಚೆಗೆ ಐದು ಬಂತು, ಬಹಳ ದಿನ ಅಲ್ಲೇ ನಿಂತಿತು. ಕಾರಹುಣ್ಣಿಮೆ ಸಮೀಪಿಸಿದ ಒಂದು ಸೋಮವಾರ ಅವನು ಪಟ್ಟಿ ಬಿಗಿದು, ಬಿಚ್ಚಿ, ಮತ್ತೆ ಬಿಗಿದ. ಅದರ ಕೆಳಗೆ ಎರಡು ಬೆರಳು ತೂರಿಸಿ ನೋಡಿದ. ಚಂದ್ರಿ ತಲೆ ತಿರುಗಿಸಿ ಅವನ ಹೆಗಲ ಮೇಲೆ ಗಂಜಿ ಹತ್ತಿದ ಮೂತಿ ಒರೆಸಿತು. ಅವನು ಹಣೆಯನ್ನು ಅದರ ಕತ್ತಿಗೆ ಒತ್ತಿ ನಿಂತ.

"ಎಷ್ಟಕ್ಕ ನಿಂತಿತ್ರಿ?" ಹಂಪಕ್ಕ ಒಳಗಿನಿಂದ ಕೇಳಿದಳು.

"ನಾಲ್ಕು."