ಬಾಗಿಲಲ್ಲಿ ಕೂತವರ ಪಾಲು

ನನ್ನ ಗಂಡ ಕುಡಿಯುವುದನ್ನು ಬಿಟ್ಟಾಗ ಅದು ನಮ್ಮ ಮನೆಯ ಸುದ್ದಿಯಾಗಿ ಉಳಿಯಲಿಲ್ಲ. ಸೊಲ್ಲಾಪುರದ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಅದು ದೇವರ ಕೃಪೆಯ ಸಾಕ್ಷಿಯಾಯಿತು. ಬೋರಾಮಣಿ, ಮಂದ್ರೂಪ, ಎಲ್ಲಿ ಪ್ರಾರ್ಥನಾ ಕೂಟ ನಡೆದರೂ ಪಾಸ್ಟರ್ ಇವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ದಿನವಿಡೀ ಗ್ಯಾರೇಜಿನಲ್ಲಿ ದುಡಿದು ಬಂದ ಮನುಷ್ಯ, ಕೈಯ ಗ್ರೀಸ್ ಕೂಡ ಪೂರ್ತಿ ಹೋಗಿರುತ್ತಿರಲಿಲ್ಲ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ, ಗಟಾರದಲ್ಲಿ ಬೀಳುತ್ತಿದ್ದವನನ್ನು ದೇವರು ಹೇಗೆ ಎತ್ತಿದ ಎಂದು ಹೇಳುತ್ತಿದ್ದರು. ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ತಲೆಯ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದೆ. ಮನೆಯ ಮಾನವನ್ನು ಊರೂರಿಗೆ ಹೊತ್ತು ತಿರುಗುವುದು ನನಗೇನೂ ಖುಷಿಯ ಕೆಲಸವಾಗಿರಲಿಲ್ಲ.

ಎಲ್ಲರ ಸಾಕ್ಷಿಯಾದವರಿಗೆ ಎಡವಲು ಮರೆಯೇ ಇರುವುದಿಲ್ಲ. ಹೋದ ವರ್ಷ ಅಕ್ಕಲಕೋಟೆಯಲ್ಲಿ ಒಬ್ಬರ ಮನೆಯಲ್ಲಿ ಕೂಟವಿತ್ತು. ನಾನು ಅಲ್ಲಿನ ಕನ್ನಡ ಶಾಲೆಯಲ್ಲಿ ಕಲಿಸುತ್ತೇನೆ, ಸಂಜೆ ಶಾಲೆಯಿಂದ ನೇರವಾಗಿ ಹೋದೆ. ಇವರು ಸೊಲ್ಲಾಪುರದಿಂದ ಬಂದರು, ಕುಡಿದು ಬಂದರು. ಗ್ಯಾರೇಜಿನಲ್ಲಿ ಯಾರೋ ಕೊಡಿಸಿದರಂತೆ. ಯಾಕೆ ಬೇಡವೆನ್ನಲಿಲ್ಲ ಎಂಬುದನ್ನು ಇವತ್ತಿಗೂ ಹೇಳಿಲ್ಲ. ವಾಸನೆ ಗೊತ್ತಾಗುವ ಮೊದಲೇ ಪಾಸ್ಟರ್ ಸಾಕ್ಷಿ ಹೇಳಲು ಕರೆದುಬಿಟ್ಟಿದ್ದರು. ಇವರು ಎದ್ದು, "ದೇವರು ನನ್ನ ಬಿಡಿಸ್ಯಾನ" ಎಂದು ಗೋಡೆ ಹಿಡಿದುಕೊಂಡರು. ಮುಂದಿನ ಮಾತು ಬರಲಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಯೂ ಅಲ್ಲಿದ್ದರು. ನಾಚಿಕೆಯಿಂದ ಸಾಯುವುದು ಎಂದರೇನು ಎಂದು ಅವತ್ತು ಗೊತ್ತಾಯಿತು.

ಮರುದಿನದಿಂದ ಇವರು ಮತ್ತೆ ಮುಟ್ಟಲಿಲ್ಲ. ಆದರೆ ಸಭೆಯಲ್ಲಿ ತಮ್ಮ ಜಾಗ ಬಿಟ್ಟು, ಬಾಗಿಲ ಬಳಿ ಚಪ್ಪಲಿಗಳ ಪಕ್ಕ ಕೂರತೊಡಗಿದರು. ಪಾಸ್ಟರ್ ಮನೆಗೇ ಬಂದು ಹೇಳಿದರು: "ನೀವು ಕ್ಷಮಾ ಕೇಳೀರಿ, ದೇವರು ಕೊಟ್ಟಾನ. ಇನ್ನ ಒಳಗ ಬರ್ರಿ."

"ಆತ ಕೊಟ್ಟಾನ್ರಿ. ನನಗ ತಗೊಳ್ಳಾಕ ಆಗವಲ್ದು" ಎಂದರು ಇವರು.

ಪಾಸ್ಟರ್ ನನ್ನ ಮುಖ ನೋಡಿದರು. ನಾನು ಚಹಾ ತರುತ್ತೇನೆಂದು ಎದ್ದು ಹೋದೆ. ನನಗೆ ಸಾಕಾಗಿಹೋಗಿತ್ತು. ಬೆಳಿಗ್ಗೆ ಬಸ್ಸು, ಶಾಲೆ, ಸಂಜೆ ಮತ್ತೆ ಬಸ್ಸು, ಅಡುಗೆ. ಇದರ ನಡುವೆ ಕ್ಷಮಿಸುವುದಕ್ಕೆ ಬೇಕಾದ ಜೀವ ಎಲ್ಲಿಂದ ತರಲಿ?

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿಯ ತುಂಡು ಹಂಚಿ ತಿನ್ನುವುದು. ಬೇಕರಿಯದ್ದನ್ನು ತರುವುದಿಲ್ಲ. ಸರದಿಯ ಮೇಲೆ ಒಂದೊಂದು ಮನೆಯವರು ಹುಳಿಹಿಟ್ಟು ಬೆರೆಸದೆ ಗೋಧಿ ರೊಟ್ಟಿ ಸುಟ್ಟು ತರುತ್ತೇವೆ. ಯಾರ ಮನೆಯ ರೊಟ್ಟಿಯೋ ಆ ಮನೆಯ ಹೆಂಗಸೇ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಹೋಗಬೇಕು. ತುಂಡನ್ನು ಕೈಯಲ್ಲಿ ಹಿಡಿದು ಎಲ್ಲರೂ ಕಾಯುತ್ತಾರೆ, ಪಾಸ್ಟರ್ ಪ್ರಾರ್ಥನೆ ಮುಗಿಸಿದ ಮೇಲೆ ಒಟ್ಟಿಗೆ ತಿನ್ನುತ್ತಾರೆ. ಅಕ್ಕಲಕೋಟೆಯ ಆ ಸಂಜೆಯ ನಂತರ ಇವರು ತುಂಡು ತೆಗೆದುಕೊಂಡಿರಲಿಲ್ಲ. ತಟ್ಟೆ ಬಂದರೆ ತಲೆ ಅಲ್ಲಾಡಿಸಿ ಕಳಿಸುತ್ತಿದ್ದರು.

ಈ ಸಲ ಸರದಿ ನನ್ನದು. ಒಲೆಯ ಮುಂದೆ ನಿಂತು ಪ್ರಾರ್ಥನೆ ಮಾಡಬೇಕು ಅನ್ನುತ್ತಾರೆ, ನಾನು ಗೊಣಗುತ್ತ ರೊಟ್ಟಿ ಸುಟ್ಟೆ. ಸಭೆಯಲ್ಲಿ ಕೊನೆಯ ಸಾಲು ಮುಗಿಸಿ ಸುಮ್ಮನೆ ಬಾಗಿಲ ಕಡೆ ಕಣ್ಣು ಹಾಯಿಸಿದೆ. ಇವರು ಬಲಗೈ ಚಾಚಿ, ಅದರ ಕೆಳಗೆ ಎಡಗೈ ಕೊಟ್ಟು ಕೂತಿದ್ದರು. ನೋಡಿದೆ. ನೋಡಿಯೇ ತಿರುಗಿ ಬಂದೆ. ಇಷ್ಟು ತಿಂಗಳು ನಾನು ಉಂಡ ಅವಮಾನವನ್ನು ಇವರೂ ಒಂದು ಗಳಿಗೆ ಉಣ್ಣಲಿ ಅನಿಸಿತು, ಸುಳ್ಳು ಯಾಕೆ ಹೇಳಲಿ.

ತಟ್ಟೆಯಲ್ಲಿ ಉಳಿದದ್ದು ಒಂದೇ ತುಂಡು. ಅದನ್ನು ನಾನು ತೆಗೆದುಕೊಂಡೆ. ಪಾಸ್ಟರ್ ಎಂದಿನಂತೆ ಕೇಳಿದರು: "ಯಾರಿಗರ ಸಿಕ್ಕಿಲ್ಲೇನ್ರಿ?"

ಇವರು ಕೈಯನ್ನು ಮಡಿಲಿಗೆ ಎಳೆದುಕೊಂಡಿದ್ದರು. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಪಾಸ್ಟರ್ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು. ಅಂಗೈಯ ಬೆವರಿಗೆ ತುಂಡು ಮೆತ್ತಗಾಯಿತು. ಬೇಡುವವರ ಕೈ ಕಂಡೂ ಕಾಣದಂತೆ ಬಂದೆನಲ್ಲ, ಈ ರೊಟ್ಟಿ ಏನು ನನ್ನ ಅಪ್ಪನ ಮನೆಯ ಆಸ್ತಿಯೇ ಎಂದು ಅನಿಸಿತು. ಇವರು ಕುಡಿದು ಬಿದ್ದಿದ್ದರು. ನಾನು ಮೈಮೇಲೆ ಪೂರ್ತಿ ಎಚ್ಚರವಿದ್ದೂ ಬಿದ್ದಿದ್ದೆ. ಎಲ್ಲರ ಕಣ್ಣು ಮುಚ್ಚಿರುವಾಗ ಬಾಗಿಲ ತನಕ ನಡೆದು, ಚಪ್ಪಲಿಗಳ ನಡುವೆ ಕುಕ್ಕರಗಾಲಲ್ಲಿ ಕೂತು, ತುಂಡನ್ನು ಇವರ ಕೈಗೆ ಹಾಕಿದೆ.

"ನೀವ ತಗೋರಿ. ನಾ ತಗೊಳ್ಳಂಗಿಲ್ಲ. ನನಗ ಆ ಯೋಗ್ಯತಾ ಇಲ್ಲ."

ಇವರು ತುಂಡನ್ನು ಮುರಿದು ಅರ್ಧವನ್ನು ನನ್ನ ಮುಂದೆ ಹಿಡಿದರು.

"ನೀನೂ ಇಲ್ಲೇ ಕುಂದ್ರಾಕಿ ಏನು? ಇಲ್ಲಿ ಒಬ್ಬರಿಗಷ್ಟ ಜಾಗಾ ಅದ. ತಗೋ, ಇಬ್ಬರೂ ಒಳಗ ಹೋಗೂಣು."

ಪಾಸ್ಟರ್ ಆಮೆನ್ ಎಂದರು. ನಾವು ತಿಂದೆವು.